ಅಗಸೆಬಾಗಿಲ ಪಕ್ಕದ ಮನೆ

ಮಧ್ಯಯುಗದ ಕುಷ್ಠರೋಗಿ ಅಂದಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಒಳಗೆ ಬರುವಾಗ ಬಾಗಿಲ ಹತ್ತಿರ ನಿಂತಿದ್ದ ಕೆಲವರನ್ನು ಇದನ್ನೇ ಕೇಳಿದೆ. ಒಬ್ಬರು ಗಂಟೆ ಅಂದರು. ಇನ್ನೊಬ್ಬರು ಮುಖದ ತುಂಬ ಬಟ್ಟೆ ಸುತ್ತಿಕೊಂಡ ಮನುಷ್ಯ ಅಂದರು. ಮೂರನೆಯವರು ಊರಾಚೆಯ ಗುಹೆ ಅಂದರು. ನನಗೂ ಮೊದಲು ಇದೇ ಚಿತ್ರ ಇತ್ತು. ಸಿನಿಮಾ ನೋಡಿ, ಕಥೆ ಓದಿ ಬಂದ ಚಿತ್ರ. ಇವತ್ತು ಆ ಚಿತ್ರವನ್ನು ಸ್ವಲ್ಪ ಕೆರೆದು ನೋಡೋಣ. ಕೆಳಗೆ ಬೇರೆ ಬಣ್ಣ ಇದೆ.

ನಾನು ಹೇಳುವುದು ಯುರೋಪಿನ ಕಥೆ. ಸುಮಾರು 1050ರಿಂದ 1500ರವರೆಗಿನದು. ಅಲ್ಲಿಯದೇ ಯಾಕೆ? ಅಲ್ಲಿ ಕಾಗದಪತ್ರ ಉಳಿದಿದೆ, ಮೂಳೆಯೂ ಉಳಿದಿದೆ. ನಮ್ಮಲ್ಲಿ ಎಷ್ಟೋ ಜನ ಹೆಣ ಸುಟ್ಟುಬಿಡುತ್ತೇವೆ. ಅಲ್ಲಿ ಹೂಳುತ್ತಾರೆ. ಎಂಟುನೂರು ವರ್ಷದ ಮೇಲೂ ಆ ಮೂಳೆ ತನ್ನ ರೋಗ ಏನೆಂದು ಹೇಳುತ್ತದೆ.

ಮೊದಲು ರೋಗದ ವಿಷಯ ಎರಡು ಮಾತು. ಇದು ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಬಹಳ ನಿಧಾನಿ. ಮೈಗೆ ಸೇರಿ ರೋಗ ಕಾಣಿಸಿಕೊಳ್ಳಲು ಐದು ವರ್ಷ ಬೇಕಾಗಬಹುದು, ಇಪ್ಪತ್ತೂ ಆಗಬಹುದು. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರಿಗೆ ಹುಟ್ಟಿನಿಂದಲೇ ಇದನ್ನು ತಡೆಯುವ ಶಕ್ತಿ ಇರುತ್ತದೆ. ಅದು ಹೋಗಿ ಕೂರುವುದು ನರದಲ್ಲಿ. ಹಾಗಾಗಿ ಮೊದಲು ಹೋಗುವುದು ಸ್ಪರ್ಶ. ಬೆರಳು ಸುಟ್ಟರೂ ತಿಳಿಯುವುದಿಲ್ಲ, ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ. ಗಾಯ ಕೊಳೆತು ಬೆರಳು ಸವೆಯುತ್ತದೆ. ಬೆರಳು ತಾನಾಗಿ ಉದುರುತ್ತದೆ ಅನ್ನುವುದು ಸುಮ್ನೆ ಮಾತು. ಇಲ್ಲಿ ಕೂತಿರುವ ಆಶಾ ಕಾರ್ಯಕರ್ತೆಯರಿಗೆ ಇದೆಲ್ಲ ಗೊತ್ತು. ಮಚ್ಚೆಯ ಮೇಲೆ ಪೆನ್ನಿನ ತುದಿ ತಾಗಿಸಿ, ಕಣ್ಣು ಮುಚ್ಚಿಸಿ, "ಎಲ್ಲಿ ಮುಟ್ಟಿದೆ ಹೇಳಿ" ಅಂತ ನೀವು ಕೇಳುತ್ತೀರಲ್ವಾ? ಇದೇ ಪರೀಕ್ಷೆ ಒಬ್ಬ ರಾಜಕುಮಾರನಿಗೆ ತಿಳಿಯದೆಯೇ ನಡೆದುಹೋಯಿತು.

ಆಗ ಜೆರುಸಲೇಮನ್ನು ಆಳುತ್ತಿದ್ದವರು ಯುರೋಪಿನಿಂದ ಹೋಗಿ ಅದನ್ನು ಗೆದ್ದಿದ್ದ ಕ್ರೈಸ್ತರು. ಅಲ್ಲಿನ ರಾಜನ ಮಗ ಬಾಲ್ಡ್ವಿನ್. ಹುಟ್ಟಿದ್ದು 1161ರಲ್ಲಿ. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಓದು ಕಲಿಸಲು ವಿಲಿಯಂ ಎಂಬ ಪಾದ್ರಿಯ ಬಳಿ ಬಿಟ್ಟಿದ್ದರು. ಮುಂದೆ ಟೈರ್ ಪಟ್ಟಣದ ಆರ್ಚ್‌ಬಿಷಪ್ ಆಗಿ ದೊಡ್ಡ ಇತಿಹಾಸ ಬರೆದವನು ಇವನೇ. ಹುಡುಗರು ಆಟ ಆಡುತ್ತಿದ್ದರು. ಉಗುರಿನಿಂದ ಒಬ್ಬರ ತೋಳನ್ನೊಬ್ಬರು ಚಿವುಟುವ ಆಟ. ನಾವೂ ಆಡಿದ್ದೇವೆ. ಉಳಿದವರೆಲ್ಲ ಅಯ್ಯೋ ಎಂದು ಕಿರುಚುತ್ತಿದ್ದರು. ಬಾಲ್ಡ್ವಿನ್ ಮಾತ್ರ ಸುಮ್ಮನಿರುತ್ತಿದ್ದ. ಹುಡುಗ ಗಟ್ಟಿಗ ಎಂದುಕೊಂಡ ವಿಲಿಯಂ. ಆಮೇಲೆ ಹತ್ತಿರ ಕರೆದು ಕೇಳಿ ನೋಡಿದರೆ ಬಲಗೈ ಅರ್ಧ ಸತ್ತಂತಾಗಿತ್ತು.

1174ರಲ್ಲಿ ಅದೇ ಹುಡುಗ ರಾಜನಾದ. ರೋಗ ಇದೆ ಎಂಬ ಗುಮಾನಿ ಇದ್ದರೂ ಪಟ್ಟ ಕಟ್ಟಿದರು. ಇದನ್ನು ಸ್ವಲ್ಪ ಗಮನಿಸಿ. ಗುಹೆಗೆ ಓಡಿಸಲಿಲ್ಲ, ಸಿಂಹಾಸನದಲ್ಲಿ ಕೂರಿಸಿದರು. 1177ರ ನವೆಂಬರಿನಲ್ಲಿ ಮೊಂಜಿಸಾರ್ ಎಂಬಲ್ಲಿ ಈಜಿಪ್ಟಿನ ಸುಲ್ತಾನ ಸಲಾದಿನ್‌ನ ದೊಡ್ಡ ಸೈನ್ಯವನ್ನು ಅವನ ಚಿಕ್ಕ ಸೈನ್ಯ ಸೋಲಿಸಿತು. ಆಗ ಅವನಿಗೆ ಹದಿನಾರು. ಕೊನೆಕೊನೆಗೆ ಕಣ್ಣು ಹೋಯಿತು, ಕೈಕಾಲು ಹೋಯಿತು. 1183ರಲ್ಲಿ ಕೆರಾಕ್ ಕೋಟೆಗೆ ಮುತ್ತಿಗೆ ಬಿದ್ದಾಗ ಪಲ್ಲಕ್ಕಿಯಂಥದ್ದರಲ್ಲಿ ಮಲಗಿಕೊಂಡೇ ಸೈನ್ಯದ ಜೊತೆ ಹೋದ. 1185ರಲ್ಲಿ ತೀರಿಕೊಂಡ. ಅದೇ ಜೆರುಸಲೇಮಿನಲ್ಲಿ ಕುಷ್ಠ ಬಂದ ಯೋಧರಿಗೆಂದೇ ಸಂತ ಲಾಜರಸನ ಹೆಸರಿನ ಒಂದು ಪಂಥ ಇತ್ತು. ರೋಗಿಗಳೇ ಕತ್ತಿ ಹಿಡಿಯುತ್ತಿದ್ದರು. 1244ರಲ್ಲಿ ಲಾ ಫೋರ್ಬಿ ಕದನಕ್ಕೆ ಹೋದ ಆ ರೋಗಿ ಯೋಧರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ.

ರಾಜನ ಮಗ, ಅದಕ್ಕೇ ನಡೆಯಿತು ಅನ್ನುತ್ತೀರಿ. ಸರಿ. ಬಡವರ ಕಡೆ ಹೋಗೋಣ. ಆದರೆ ಅದಕ್ಕೂ ಮೊದಲು ಹೆಸರಿನ ಗೊಂದಲ ಒಂದಿದೆ. ಗ್ರೀಕರಲ್ಲಿ 'ಲೆಪ್ರ' ಅಂದರೆ ಹೊಟ್ಟು ಹೊಟ್ಟಾಗಿ ಏಳುವ ಚರ್ಮ, ಅಷ್ಟೇ. ಬೈಬಲಿನ ಹೀಬ್ರೂ ಪದವೊಂದನ್ನು ಗ್ರೀಕಿಗೆ ತಂದವರು ಈ ಲೆಪ್ರವನ್ನು ಬಳಸಿದರು. ಆ ಹೀಬ್ರೂ ಪದವೋ ಬಟ್ಟೆಗೂ ಗೋಡೆಗೂ ಹತ್ತುವ ಕಲೆಗೂ ಸಲ್ಲುತ್ತಿತ್ತು. ಮುಂದೆ ಅರಬ್ಬಿ ವೈದ್ಯಗ್ರಂಥಗಳು ಲ್ಯಾಟಿನಿಗೆ ಬಂದಾಗ ನಿಜವಾದ ಕುಷ್ಠಕ್ಕೂ ಅದೇ ಹೆಸರು ಬಿತ್ತು. ಶಾಸ್ತ್ರದ ಅಶುದ್ಧಿ, ವೈದ್ಯರ ರೋಗ, ಎರಡೂ ಒಂದೇ ಮಾತಿನಲ್ಲಿ ಗಂಟು ಬಿದ್ದವು. ನಮ್ಮಲ್ಲೇನು ಕಡಿಮೆಯಾ? ಆಯುರ್ವೇದದ 'ಕುಷ್ಠ' ಅಂದರೆ ಹದಿನೆಂಟು ಬಗೆ. ಅದರಲ್ಲಿ ಹುಳುಕಡ್ಡಿಯಂಥದ್ದೂ ಸೇರುತ್ತದೆ. ಊರಲ್ಲಿ ತೊನ್ನು ಬಂದವರನ್ನೂ ಮಹಾರೋಗದವರ ಲೆಕ್ಕಕ್ಕೇ ಸೇರಿಸಿ ದೂರ ಇಡುತ್ತಿದ್ದರು. ತೊನ್ನು ಅಂಟುವುದೂ ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವೂ ಇಲ್ಲ.

ಈಗ ಮನೆಯ ವಿಷಯ. ಇಂಗ್ಲೆಂಡ್ ಒಂದರಲ್ಲೇ 1350ರ ಹೊತ್ತಿಗೆ ಕಡಿಮೆ ಅಂದರೂ 300 ಕುಷ್ಠರೋಗಿಗಳ ಮನೆಗಳು ಹುಟ್ಟಿದ್ದವು. ಫ್ರಾನ್ಸಿನ ರಾಜ ಎಂಟನೇ ಲೂಯಿ 1225ರಲ್ಲಿ ಉಯಿಲು ಬರೆದಾಗ ತನ್ನ ರಾಜ್ಯದ 2,000 ಕುಷ್ಠರೋಗಿ ಮನೆಗಳಿಗೆ ತಲಾ 100 ಸೂ ನಾಣ್ಯ ಬಿಟ್ಟ. ಅಷ್ಟೊಂದು ಮನೆ ಅಂದಕೂಡಲೇ ದೊಡ್ಡ ಆಸ್ಪತ್ರೆ ಅಂದುಕೊಳ್ಳಬೇಡಿ. ಹೆಚ್ಚಿನವು ಹತ್ತು ಹನ್ನೆರಡು ಜನರ ಮನೆ. ಒಂದು ಚಾಪೆಲ್ ಅಂದರೆ ಪುಟ್ಟ ಪ್ರಾರ್ಥನಾ ಮಂದಿರ, ಒಂದು ಕೈತೋಟ, ಒಂದಿಷ್ಟು ಕೋಳಿ, ಹಂದಿ.

ಇವು ಎಲ್ಲಿದ್ದವು? ಇವತ್ತಿನ ಮಾತಿನ ತಿರುಳು ಇಲ್ಲೇ ಇದೆ. ಊರ ಹೊರಗೆ ಹೌದು. ಆದರೆ ಊರ ಬಾಗಿಲಿಗೆ ಅಂಟಿಕೊಂಡು. ಉತ್ತರ ಕರ್ನಾಟಕದವರಿಗೆ ಅಗಸೆ ಅಂದರೆ ತಟ್ಟನೆ ಗೊತ್ತಾಗುತ್ತದೆ. ಅಗಸೆಯಲ್ಲಿ ಕೂತರೆ ಊರಿಗೆ ಬರುವವರೆಲ್ಲ ಕಾಣುತ್ತಾರೆ, ಹೋಗುವವರೂ ಕಾಣುತ್ತಾರೆ. ಈ ಮನೆಗಳೂ ಹಾಗೇ. ಹೆದ್ದಾರಿ ಪಕ್ಕ, ಸೇತುವೆ ಬಳಿ, ಕೋಟೆ ಬಾಗಿಲ ಎದುರು. ಬಚ್ಚಿಡಬೇಕು ಅಂತಿದ್ದರೆ ಕಾಡಿನಲ್ಲಿ ಕಟ್ಟುತ್ತಿದ್ದರು. ಇವನ್ನು ಕಟ್ಟಿದ್ದು ಕಣ್ಣಿಗೆ ಬೀಳಲಿ ಅಂತಲೇ. ಲಂಡನ್ನಿನ ಸೇಂಟ್ ಜೈಲ್ಸ್ ಹೀಗೆ ರಸ್ತೆ ಪಕ್ಕ ಇತ್ತು. ಕ್ಯಾಂಟರ್ಬರಿ ಹತ್ತಿರದ ಹಾರ್ಬಲ್‌ಡೌನ್ ಯಾತ್ರಿಕರ ದಾರಿಯಲ್ಲೇ ಇತ್ತು.

ಕೇಂಬ್ರಿಜ್‌ನಲ್ಲಿ ಇನ್ನೂ ತಮಾಷೆ. ಅಲ್ಲಿನ ಕುಷ್ಠರೋಗಿಗಳ ಚಾಪೆಲ್‌ಗೆ ಹಣ ಬರಲಿ ಅಂತ ಜಾನ್ ರಾಜ ವರ್ಷಕ್ಕೊಂದು ಜಾತ್ರೆ ನಡೆಸುವ ಹಕ್ಕು ಕೊಟ್ಟ. ಅದೇ ಸ್ಟರ್‌ಬ್ರಿಜ್ ಜಾತ್ರೆ. ಬೆಳೆದು ಬೆಳೆದು ಯುರೋಪಿನ ದೊಡ್ಡ ಜಾತ್ರೆಗಳಲ್ಲಿ ಒಂದಾಯಿತು. ನಾಲ್ಕೂವರೆ ಶತಮಾನ ಕಳೆದು, ನ್ಯೂಟನ್ ಬೆಳಕನ್ನು ಒಡೆದು ನೋಡಿದ ಗಾಜಿನ ಪ್ರಿಸಂ ಕೊಂಡದ್ದು ಈ ಜಾತ್ರೆಯಲ್ಲಿ ಅನ್ನುತ್ತಾರೆ. ರೋಗಿಗಳು ಹೋದರು, ಜಾತ್ರೆ ಉಳಿಯಿತು. ಆ ಪುಟ್ಟ ಚಾಪೆಲ್ ಇವತ್ತಿಗೂ ನಿಂತಿದೆ.

ಊಟದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ನನಗೆ ಅದು ಇಷ್ಟ. ಡರಮ್ ಹತ್ತಿರ ಶೆರ್‌ಬರ್ನ್ ಎಂಬಲ್ಲಿ 1181ರ ಸುಮಾರಿಗೆ ಅಲ್ಲಿನ ಬಿಷಪ್ 65 ಕುಷ್ಠರೋಗಿಗಳಿಗಾಗಿ ಮನೆ ಕಟ್ಟಿಸಿದ. ಒಬ್ಬೊಬ್ಬರಿಗೆ ದಿನಕ್ಕೊಂದು ರೊಟ್ಟಿ, ಒಂದು ಗ್ಯಾಲನ್ ಬಿಯರ್. ವಾರದಲ್ಲಿ ಮೂರು ದಿನ ಮಾಂಸ, ಉಳಿದ ದಿನ ಮೀನು. ಬಿಯರ್ ಅಂದಕೂಡಲೇ ಹಿಂದಿನ ಸಾಲಿನವರು ನಗುತ್ತಿದ್ದೀರಿ. ಅದು ನೀರಿನ ಬದಲು ಕುಡಿಯುವ ತೆಳು ಬಿಯರ್. ಆ ಕಾಲದ ಎಷ್ಟೋ ರೈತರಿಗೆ ವಾರಕ್ಕೆ ಮೂರು ದಿನ ಮಾಂಸ ಕನಸು. ಹಾಗಂತ ಇವು ಛತ್ರಗಳಲ್ಲ. ಮಠದಂಥ ನಿಯಮ. ಗಂಡಸರು ಬೇರೆ, ಹೆಂಗಸರು ಬೇರೆ. ಹೇಳಿದ ಹೊತ್ತಿಗೆ ಪ್ರಾರ್ಥನೆ. ಜಗಳ ಆಡಿದರೆ ಊಟ ಕಡಿತ. ತೀರಾ ಮಾತು ಕೇಳದಿದ್ದರೆ ಹೊರಗೆ ಹಾಕುತ್ತಿದ್ದರು. ಕೇಳಿಸಿಕೊಂಡಿರಾ? ಹೊರಗೆ ಹಾಕುವುದು ಅಲ್ಲಿ ಶಿಕ್ಷೆ. ಒಳಗಿರುವುದು ಹಕ್ಕು. ಎಷ್ಟೋ ಕಡೆ ಜಾಗಕ್ಕಾಗಿ ಶಿಫಾರಸು ಬೇಕಿತ್ತು.

ಇಷ್ಟು ಖರ್ಚು ಯಾಕೆ ಮಾಡಿದರು? ದಾನಿಗಳಿಗೆ ಬದಲಿಗೆ ಒಂದು ಬೇಕಿತ್ತು: ಪ್ರಾರ್ಥನೆ. ಸತ್ತವರು ಸ್ವರ್ಗಕ್ಕೆ ಹೋಗುವ ಮೊದಲು ಬೆಂಕಿಯಲ್ಲಿ ಪಾಪ ತೊಳೆದುಕೊಳ್ಳಬೇಕು ಎಂದು ಅವರ ನಂಬಿಕೆ. ಕುಷ್ಠರೋಗಿ ಆ ಬೆಂಕಿಯನ್ನು ಬದುಕಿರುವಾಗಲೇ ಅನುಭವಿಸುತ್ತಿದ್ದಾನೆ, ಹಾಗಾಗಿ ಅವನ ಮಾತು ದೇವರಿಗೆ ಬೇಗ ಮುಟ್ಟುತ್ತದೆ ಅಂದುಕೊಂಡರು. ರೋಗ ಪಾಪದ ಫಲ ಅನ್ನುವವರೂ ಇದ್ದರು. ಒಬ್ಬನೇ ಮನುಷ್ಯ ಎರಡನ್ನೂ ನಂಬುತ್ತಿದ್ದ. ಇದರಲ್ಲಿ ಆಶ್ಚರ್ಯ ಏನಿಲ್ಲ. ನಮ್ಮೂರ ಜಾತ್ರೆಯಲ್ಲಿ ಗುಡಿಯ ಮೆಟ್ಟಿಲ ಉದ್ದಕ್ಕೂ ಕೂತವರ ತಟ್ಟೆಗೆ ನಮ್ಮ ಅಮ್ಮ ಮೇಲಿಂದ ನಾಣ್ಯ ಬಿಡುತ್ತಿದ್ದಳು. ತಾಗಬಾರದು. ಆದರೆ ಹಾಕದೆ ಮುಂದೆ ಹೋಗುವಂತೆಯೂ ಇಲ್ಲ, ಪುಣ್ಯ ಬರುವುದು ಅಲ್ಲಿಂದಲೇ.

ಇಂಗ್ಲೆಂಡಿನ ರಾಣಿ ಮಟಿಲ್ಡಾಳದು ಒಂದು ಕಥೆ ಇದೆ. ಒಂದನೇ ಹೆನ್ರಿಯ ಹೆಂಡತಿ. ಸೇಂಟ್ ಜೈಲ್ಸ್ ಕಟ್ಟಿಸಿದವಳು ಇವಳೇ. ತಮ್ಮ ಡೇವಿಡ್ ಒಂದು ರಾತ್ರಿ ಅಕ್ಕನ ಕೋಣೆಗೆ ಹೋದರೆ ಒಳಗೆಲ್ಲ ಕುಷ್ಠರೋಗಿಗಳು. ಅಕ್ಕ ನಡುವೆ ಕೂತು ಅವರ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಿದ್ದಾಳೆ. ಇದು ಗೊತ್ತಾದರೆ ರಾಜ ನಿನ್ನ ತುಟಿಗೆ ತುಟಿ ತಾಗಿಸುವುದಿಲ್ಲ ಅಂದ ತಮ್ಮ. ಸಾಯುವ ರಾಜನ ತುಟಿಗಿಂತ ಸಾಯದ ರಾಜನ ಪಾದ ದೊಡ್ಡದು ಅಂದಳಂತೆ ಅಕ್ಕ. ಡೇವಿಡ್ ನಗುತ್ತ ಹೊರಗೆ ಹೋದ. ಮುಂದೆ ಸ್ಕಾಟ್ಲೆಂಡಿನ ರಾಜನಾದ ಮೇಲೆ ಅವನೇ ಈ ಕಥೆ ಹೇಳುತ್ತಿದ್ದ.

ಕಾನೂನು ಏನು ಹೇಳಿತು? ಎರಡು ದಿಕ್ಕಿನಲ್ಲಿ ಹೇಳಿತು. 643ರಲ್ಲಿ ಇಟಲಿಯ ಲೊಂಬಾರ್ಡ್ ರಾಜ ರೊಥಾರಿಯ ಕಟ್ಟಳೆಯ ಪ್ರಕಾರ ಕುಷ್ಠ ಬಂದು ಮನೆಯಿಂದ ಹೊರಬಿದ್ದವನು ಸತ್ತಂತೆ. ಆಸ್ತಿ ಮಾರುವಂತಿಲ್ಲ. ಇದನ್ನೇ ಹಿಡಿದು ಮಧ್ಯಯುಗವೆಲ್ಲ ಹೀಗೇ ಅನ್ನುತ್ತಾರೆ. ಐದು ಶತಮಾನದ ನಂತರ, 1179ರಲ್ಲಿ, ರೋಮಿನಲ್ಲಿ ಸೇರಿದ ಚರ್ಚಿನ ಮಹಾಸಭೆಯ ಮಾತು ಬೇರೆ. ರೋಗಿಗಳು ಒಟ್ಟಾಗಿ ಇರುವ ಕಡೆ ಅವರಿಗೆ ಸ್ವಂತ ಚರ್ಚು, ಸ್ವಂತ ಸ್ಮಶಾನ, ಸ್ವಂತ ಪಾದ್ರಿ ಇರಲಿ. ಅವರ ತೋಟದ ಮೇಲೆ, ದನಕರುಗಳ ಮೇಲೆ ಚರ್ಚಿನ ತೆರಿಗೆ ಬೇಡ. ಆ ಸಭೆ ನಡೆಸಿದ ಪೋಪ್ ಮೂರನೇ ಅಲೆಕ್ಸಾಂಡರ್ ಇನ್ನೊಂದು ಮಾತು ಹೇಳಿದ್ದ. ಗಂಡನಿಗೋ ಹೆಂಡತಿಗೋ ಕುಷ್ಠ ಬಂದರೆ ಮದುವೆ ಮುರಿಯುವುದಿಲ್ಲ, ಇನ್ನೊಬ್ಬರು ಜೊತೆಗೆ ಹೋಗಿ ನೋಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಕುಷ್ಠ ಬಂತು ಅನ್ನುವ ಕಾರಣಕ್ಕೆ ವಿಚ್ಛೇದನ ಕೊಡಬಹುದು ಎಂಬ ಮಾತು ಕಾನೂನಿನಿಂದ ಹೋದದ್ದು 2019ರಲ್ಲಿ. ಎಲ್ಲರೂ ಪೋಪ್ ಹೇಳಿದಂತೆ ನಡೆದರೇ ಅಂದರೆ, ಇಲ್ಲ ಬಿಡಿ.

ಗಂಟೆ ಮರೆತೆ. ಗಂಟೆ, ಮರದ ಗಿಲಕಿ ಎರಡೂ ಇದ್ದವು. ದೂರ ಸರಿಯಿರಿ ಅಂತ ಎಚ್ಚರಿಸಲು ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ರೋಗ ಜಾಸ್ತಿಯಾದರೆ ಗಂಟಲು ಕೆಟ್ಟು ದನಿ ಬಿದ್ದುಹೋಗುತ್ತದೆ. "ಅಮ್ಮಾ, ತಾಯೀ" ಅಂತ ಕೂಗಲು ಆಗದವನು ಏನು ಮಾಡಬೇಕು? ಗಿಲಕಿ ಆಡಿಸಬೇಕು. ಅದು ಬನ್ನಿ, ಹಾಕಿ ಅನ್ನುವ ಸದ್ದೂ ಹೌದು.

ಇಷ್ಟು ಹೊತ್ತು ಒಳ್ಳೆಯದನ್ನೇ ಹೇಳಿದೆ. ಈಗ 1321ಕ್ಕೆ ಬರಬೇಕು. ಕೆಲ ವರ್ಷಗಳ ಹಿಂದಷ್ಟೇ ಯುರೋಪಿನಲ್ಲಿ ದೊಡ್ಡ ಬರಗಾಲ ಬಂದು ಹೋಗಿತ್ತು. ಆ ವರ್ಷದ ಈಸ್ಟರ್ ಹೊತ್ತಿಗೆ ನೈಋತ್ಯ ಫ್ರಾನ್ಸಿನಲ್ಲಿ ಒಂದು ಸುದ್ದಿ ಹುಟ್ಟಿತು. ಕುಷ್ಠರೋಗಿಗಳು ಬಾವಿಗೆ ವಿಷ ಹಾಕುತ್ತಿದ್ದಾರಂತೆ. ಎಲ್ಲರಿಗೂ ಕುಷ್ಠ ಬರಲಿ, ಆಮೇಲೆ ರಾಜ್ಯ ನಮ್ಮದು ಅಂತ ಲೆಕ್ಕ ಹಾಕಿದ್ದಾರಂತೆ. ದುಡ್ಡು ಕೊಟ್ಟವನು ಸ್ಪೇನಿನ ಗ್ರಾನಡದ ಮುಸ್ಲಿಂ ರಾಜನಂತೆ, ನಡುವಿನವರು ಯಹೂದಿಗಳಂತೆ. ಎಲ್ಲ ಅಂತೆ. ಊರೂರಲ್ಲಿ ರೋಗಿಗಳನ್ನು ಹಿಡಿದರು. ಚಿತ್ರಹಿಂಸೆ ಕೊಟ್ಟರೆ ಯಾರಾದರೂ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡವರನ್ನು ಸುಟ್ಟರು. ಜೂನ್ 21ರಂದು ರಾಜ ಐದನೇ ಫಿಲಿಪ್ ಆಜ್ಞೆಯನ್ನೇ ಹೊರಡಿಸಿದ: ತಪ್ಪೊಪ್ಪಿದವರನ್ನು ಸುಡಿ, ಗರ್ಭಿಣಿಯರಾದರೆ ಹೆರಿಗೆ ಆಗುವವರೆಗೆ ಕಾಯಿರಿ, ಉಳಿದವರನ್ನು ಕೂಡಿಹಾಕಿ. ಶಿನೋನ್ ಎಂಬಲ್ಲಿ 160 ಯಹೂದಿಗಳನ್ನು ಒಂದೇ ಗುಂಡಿಯಲ್ಲಿ ಸುಟ್ಟರು ಎಂದು ಆ ಕಾಲದ ಬರಹ ಹೇಳುತ್ತದೆ.

ಅಗಸೆಯಲ್ಲಿ ಮನೆ ಇದ್ದದ್ದು ಈಗ ಅಪಾಯವಾಯಿತು ನೋಡಿ. ಎಲ್ಲರಿಗೂ ವಿಳಾಸ ಗೊತ್ತು. ಮೇಲಾಗಿ ಆ ಮನೆಗಳಿಗೆ ಎರಡು ಶತಮಾನದ ದಾನದಿಂದ ಹೊಲ, ಬಾಡಿಗೆ, ದುಡ್ಡು ಸೇರಿತ್ತು. ಅದರ ಮೇಲೆ ಕೆಲವು ಊರ ಪ್ರಮುಖರ ಕಣ್ಣು ಮೊದಲೇ ಇತ್ತು. ಪಾಮಿಯೆ ಊರಿನ ಕುಷ್ಠರೋಗಿ ಮನೆಯ ಮುಖ್ಯಸ್ಥನ ಮೇಲೂ ವಿಚಾರಣೆ ನಡೆಯಿತು. ನಡೆಸಿದವನು ಅಲ್ಲಿನ ಬಿಷಪ್ ಜಾಕ್ ಫೂರ್ನಿಯೆ. ತಪ್ಪೊಪ್ಪಿಗೆ ಬರೆಸಿಕೊಂಡು ಅವನನ್ನು ಜೈಲಿಗೆ ಹಾಕಿದ. ಇದೇ ಫೂರ್ನಿಯೆ 1334ರಲ್ಲಿ ಪೋಪ್ ಆದ, ಹನ್ನೆರಡನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ. 1338ರಲ್ಲಿ ಅವನೇ ಆಜ್ಞೆ ಕೊಟ್ಟ: ಆ ರೋಗಿಗಳು ನಿರಪರಾಧಿಗಳು, ಕಿತ್ತುಕೊಂಡ ಆಸ್ತಿ ಹಿಂದಕ್ಕೆ ಕೊಡಿ. ಸುಟ್ಟವರನ್ನು ಹಿಂದಕ್ಕೆ ಕೊಡುವುದು ಹೇಗೆ?

ಇನ್ನು ವೈದ್ಯರು. ಯಾರಿಗೆ ಕುಷ್ಠ ಇದೆ ಅಂತ ತೀರ್ಮಾನಿಸುವ ಕೆಲಸ ಮೊದಲು ಪಾದ್ರಿಗಳು, ಊರವರು, ಬೇರೆ ರೋಗಿಗಳು ಮಾಡುತ್ತಿದ್ದರು. ನಿಧಾನಕ್ಕೆ ವೈದ್ಯರ ಕೈಗೆ ಬಂತು. ಗಿ ದ ಶೋಲಿಯಾಕ್ ಎಂಬ ಫ್ರಾನ್ಸಿನ ಶಸ್ತ್ರವೈದ್ಯ 1363ರಲ್ಲಿ ಬರೆದ ಗ್ರಂಥದಲ್ಲಿ ಖಚಿತ ಲಕ್ಷಣ ಬೇರೆ, ಗುಮಾನಿ ಲಕ್ಷಣ ಬೇರೆ ಅಂತ ಪಟ್ಟಿ ಮಾಡಿದ್ದಾನೆ. ಹುಬ್ಬು ಉದುರುವುದು, ಮೂಗು ಕೆಡುವುದು, ದನಿ ಗೊಗ್ಗರಾಗುವುದು, ಸ್ಪರ್ಶ ಹೋಗುವುದು. ಅವಸರ ಮಾಡಬೇಡಿ, ತಪ್ಪಾದರೆ ಎರಡೂ ಕಡೆ ಅನಾಹುತ ಅನ್ನುತ್ತಾನೆ. ಬಹುಮಟ್ಟಿಗೆ ಸರಿಯಾಗಿಯೇ ಗುರುತಿಸುತ್ತಿದ್ದರು. ಕಳೆದ ಶತಮಾನದ ನಡುವಿನಲ್ಲಿ ಡೆನ್ಮಾರ್ಕಿನ ವೈದ್ಯರೊಬ್ಬರು ನೆಸ್ಟ್‌ವೆಡ್ ಎಂಬಲ್ಲಿನ ಕುಷ್ಠರೋಗಿ ಸ್ಮಶಾನ ಅಗೆದರು. ಹೆಚ್ಚಿನ ಅಸ್ಥಿಪಂಜರಗಳಲ್ಲಿ ಮೂಗಿನ ಮೂಳೆ ಕರಗಿದ ಗುರುತು ಇತ್ತು. ಕುಷ್ಠವೇ.

1468ರಲ್ಲಿ ಇಂಗ್ಲೆಂಡಿನ ಬ್ರೆಂಟ್‌ವುಡ್ ಊರಿನ ಜೊಹಾನಾ ನೈಟಿಂಗೇಲ್ ಎಂಬ ಹೆಂಗಸಿನ ಮೇಲೆ ಅಕ್ಕಪಕ್ಕದವರು ದೂರು ಕೊಟ್ಟರು. ಇವಳಿಗೆ ಕುಷ್ಠ ಇದೆ, ಆದರೂ ಎಲ್ಲರ ಜೊತೆ ಬೆರೆಯುತ್ತಾಳೆ, ಸಾಗಹಾಕಿ ಅಂತ. ನಾಲ್ಕನೇ ಎಡ್ವರ್ಡ್ ರಾಜನ ಸ್ವಂತ ವೈದ್ಯರು ಮೂರು ಜನ ಪರೀಕ್ಷೆ ಮಾಡಿದರು. ಆಗಿನ ಶಾಸ್ತ್ರದ ಪ್ರಕಾರ ಕುಷ್ಠದಲ್ಲಿ ನಾಲ್ಕು ಜಾತಿ: ನರಿಯದು, ಹಾವಿನದು, ಸಿಂಹದ್ದು, ಆನೆಯದು. ಒಂದೊಂದರ ಲಕ್ಷಣವನ್ನೂ ಹುಡುಕಿದರು. ಯಾವುದೂ ಇಲ್ಲ. ಈಕೆ ಜನರ ನಡುವೆ ಇರಬಹುದು ಅಂತ ಸರ್ಟಿಫಿಕೇಟ್ ಬರೆದುಕೊಟ್ಟರು. ಆ ಕಾಗದ ಉಳಿದಿದೆ. ಮನೆಗೆ ಹೋದ ಮೇಲೆ ಆ ಅಕ್ಕಪಕ್ಕದವರು ಅವಳ ಜೊತೆ ಹೇಗಿದ್ದರು ಅನ್ನುವುದು ಕಾಗದದಲ್ಲಿಲ್ಲ.

ಮದ್ದು? ಪಥ್ಯ, ಸ್ನಾನ, ರಕ್ತ ತೆಗೆಸುವುದು. ಹಾವಿನ ಮಾಂಸ ಸೇರಿಸಿದ ಲೇಹ್ಯ ಕೂಡ. ಹಾವು ಪೊರೆ ಕಳಚುವಂತೆ ರೋಗಿಯೂ ಕೆಟ್ಟ ಚರ್ಮ ಕಳಚಲಿ ಅಂತ. ಪಾಪ, ಕೆಲಸ ಮಾಡಲಿಲ್ಲ. ಸ್ವಲ್ಪ ಮಟ್ಟಿಗೆ ಕೆಲಸ ಮಾಡುವ ಮದ್ದು ಬೆಳೆಯುತ್ತಿದ್ದದ್ದು ನಮ್ಮ ಕಡೆ. ಸುಶ್ರುತ ಸಂಹಿತೆ 'ತುವರಕ' ಎಂಬ ಮರದ ಬೀಜದ ಎಣ್ಣೆಯನ್ನು ಕುಷ್ಠಕ್ಕೆ ಹೇಳುತ್ತದೆ. ಪಶ್ಚಿಮ ಸಮುದ್ರದ ತೀರದಲ್ಲಿ, ಅಲೆಯ ಗಾಳಿಗೆ ಚಿಗುರು ಅಲ್ಲಾಡುವ ಮರಗಳು ಅಂತ ವರ್ಣನೆ. ಎಷ್ಟು ಚೆಂದ ಅಲ್ವಾ, ಔಷಧದ ಪುಸ್ತಕದಲ್ಲಿ! ಪಶ್ಚಿಮ ಘಟ್ಟದಲ್ಲಿ ಅದು ಈಗಲೂ ಇದೆ. ಗರುಡಫಲ ಅನ್ನುತ್ತಾರೆ, ಮಲಯಾಳಿಗಳಿಗೆ ಅದು ಮರೊಟ್ಟಿ. ಅದರ ಜಾತಿಯ ಎಣ್ಣೆಗಳೇ 1940ರ ದಶಕದವರೆಗೆ ಜಗತ್ತಿನ ಆಸ್ಪತ್ರೆಗಳಲ್ಲಿ ಓಡಿದ್ದು. ವಾಂತಿ ತರಿಸುವಷ್ಟು ಕೆಟ್ಟ ರುಚಿ. ಪೂರ್ತಿ ವಾಸಿ ಮಾಡುತ್ತಿರಲಿಲ್ಲ.

ಆದರೂ ಯುರೋಪಿನಲ್ಲಿ ಕುಷ್ಠ ತಾನಾಗಿ ಇಳಿಯಿತು. ಶೆರ್‌ಬರ್ನ್ ನೆನಪಿದೆಯಾ, 65 ಜನರ ಮನೆ? 1434ರಲ್ಲಿ ಹೊಸ ನಿಯಮ ಬರೆದಾಗ ಅಲ್ಲಿ ಕುಷ್ಠರೋಗಿಗಳಿಗೆ ಎರಡೇ ಜಾಗ ಇಟ್ಟರು, ಅದೂ "ಸಿಕ್ಕರೆ" ಅಂತ. ಯಾಕೆ ಇಳಿಯಿತು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಹಳೆಯ ಮೂಳೆಗಳಿಂದ ತೆಗೆದ ಬ್ಯಾಕ್ಟೀರಿಯಾದ ಜೀನುಗಳನ್ನು 2013ರಲ್ಲಿ ಓದಿದಾಗ ಅವು ಇವತ್ತಿನವಕ್ಕಿಂತ ಹೆಚ್ಚೇನೂ ಬೇರೆ ಇರಲಿಲ್ಲ. ಅಂದರೆ ರೋಗಾಣು ಸೌಮ್ಯವಾಗಿರಲಿಲ್ಲ. ಬದಲಾದದ್ದು ಜನ, ಅಥವಾ ಬದುಕು. ಇಲ್ಲಿ ಅಳಿಲಿನ ಪ್ರವೇಶ ಆಗುತ್ತದೆ. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಕೆಂಪು ಅಳಿಲುಗಳಲ್ಲಿ ಇದೇ ಬ್ಯಾಕ್ಟೀರಿಯಾ ಇದೆ ಅಂತ 2016ರಲ್ಲಿ ಗೊತ್ತಾಯಿತು. 2024ರಲ್ಲಿ ವಿಂಚೆಸ್ಟರ್ ಪಟ್ಟಣದ ಮಧ್ಯಯುಗದ ಅಳಿಲಿನ ಮೂಳೆಯಲ್ಲೂ ಸಿಕ್ಕಿತು. ಆಗ ಅಳಿಲಿನ ತುಪ್ಪಳ ಶ್ರೀಮಂತರ ಅಂಗಿಗೆ ಅಂಚು. ಅಳಿಲಿನಿಂದ ಮನುಷ್ಯನಿಗೋ, ಮನುಷ್ಯನಿಂದ ಅಳಿಲಿಗೋ? ಎರಡೂ ಆಗಿರಬಹುದು. ನಮ್ಮ ಅಳಿಲುಗಳ ಮೇಲೆ ಗುಮಾನಿ ಪಡಬೇಡಿ, ಇವು ಬೇರೆ ಜಾತಿ.

ಹಾಗಾದರೆ ಶುರುವಿನಲ್ಲಿ ನೀವು ಹೇಳಿದ ಚಿತ್ರ ಎಲ್ಲಿಂದ ಬಂತು? ಬಹುಪಾಲು 19ನೇ ಶತಮಾನದಿಂದ. ಆಗ ನಾರ್ವೆಯ ಪಶ್ಚಿಮ ತೀರದಲ್ಲಿ ರೋಗ ಇನ್ನೂ ಜೋರಾಗಿತ್ತು. 1873ರಲ್ಲಿ ಬರ್ಗನ್ ಪಟ್ಟಣದಲ್ಲಿ ಹ್ಯಾನ್ಸನ್ ಎಂಬ ವೈದ್ಯ ರೋಗಾಣುವನ್ನು ಕಂಡ. ಅಂಟುರೋಗ ಅಂತ ಆಯಿತು, ಮದ್ದು ಮಾತ್ರ ಇಲ್ಲ. 1897ರಲ್ಲಿ ಬರ್ಲಿನ್‌ನಲ್ಲಿ ಸೇರಿದ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ರೋಗಿಗಳನ್ನು ಬೇರೆ ಇಡಿ ಅಂದಿತು. ಇದಕ್ಕೆ ಇತಿಹಾಸದ ಸಾಕ್ಷಿ ಬೇಕಿತ್ತು. ನಮ್ಮ ಪೂರ್ವಿಕರು ಕಟ್ಟುನಿಟ್ಟಾಗಿ ಕೂಡಿಹಾಕಿದರು, ಅದಕ್ಕೇ ಯುರೋಪಿನಿಂದ ರೋಗ ಹೋಯಿತು ಅಂದರು. ರೋಗಿಯನ್ನು ನಿಲ್ಲಿಸಿ, ಕಾಲ ಮೇಲೆ ಮಣ್ಣು ಹಾಕಿ, ನೀನು ಲೋಕಕ್ಕೆ ಸತ್ತೆ ಅನ್ನುವ ಒಂದು ವಿಧಿ ಇದೆಯಲ್ಲ, ಅದನ್ನು ಮತ್ತೆ ಮತ್ತೆ ಹೇಳಿದರು. ಆ ವಿಧಿಯ ಬರಹ ಸಿಗುವುದು ಹೆಚ್ಚಾಗಿ ಮಧ್ಯಯುಗ ಮುಗಿಯುವ ಹೊತ್ತಿಗೆ. ಇಂಗ್ಲೆಂಡಿನಲ್ಲಿ ಅದು ವಾಡಿಕೆಯಲ್ಲಿತ್ತು ಅನ್ನಲು ಗಟ್ಟಿ ಪುರಾವೆ ಇಲ್ಲ ಅಂತ ಇತ್ತೀಚಿನ ಇತಿಹಾಸಕಾರರು ತೋರಿಸಿದ್ದಾರೆ. ಹತ್ತು ಜನರ, ಬಾಗಿಲು ತೆರೆದ ಮನೆಗಳಿಂದ ಒಂದು ಖಂಡದ ರೋಗ ಹೋಗುತ್ತದೆಯೇ?

ಬರ್ಲಿನ್ ಆದ ಮರುವರ್ಷವೇ, 1898ರಲ್ಲಿ, ಬ್ರಿಟಿಷರು ಭಾರತಕ್ಕೆ ಕುಷ್ಠರೋಗಿಗಳ ಕಾಯಿದೆ ತಂದರು. ಭಿಕ್ಷೆ ಬೇಡುವ ರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ರೋಗಿ ತಿಂಡಿ ಮಾರುವಂತಿಲ್ಲ, ಬಾಡಿಗೆ ಗಾಡಿ ಹತ್ತುವಂತಿಲ್ಲ, ಸಾರ್ವಜನಿಕ ಬಾವಿಯಲ್ಲಿ ಸ್ನಾನ ಮಾಡುವಂತಿಲ್ಲ. ಮತ್ತೆ ಬಾವಿ. ಈ ಕಾಯಿದೆ ಪುಸ್ತಕದಿಂದ ಹೊರಗೆ ಹೋದದ್ದು 2016ರಲ್ಲಿ. ಹಲವು ಮದ್ದುಗಳನ್ನು ಸೇರಿಸಿ ಕೊಡುವ ಈಗಿನ ಚಿಕಿತ್ಸೆ 1980ರ ದಶಕದಲ್ಲೇ ಬಂದಿತ್ತು, ಆರು ತಿಂಗಳು ಇಲ್ಲವೇ ವರ್ಷದಲ್ಲಿ ರೋಗ ವಾಸಿಯಾಗುತ್ತಿತ್ತು.

ಹ್ಯಾನ್ಸನ್ ಇದ್ದ ಬರ್ಗನ್‌ನಲ್ಲಿ ಸೇಂಟ್ ಯೋರ್ಗನ್ ಅಂತ ಒಂದು ಕುಷ್ಠರೋಗಿ ಮನೆ ಇದೆ. ಶುರುವಾದದ್ದು 1400ರ ದಶಕದ ಆರಂಭದಲ್ಲಿ, ಊರಿನ ಅಂಚಿನಲ್ಲಿ. ಅಲ್ಲಿದ್ದ ಕೊನೆಯ ಇಬ್ಬರು ರೋಗಿಗಳು ತೀರಿಕೊಂಡದ್ದು 1946ರಲ್ಲಿ. ಈಗ ಅದು ಮ್ಯೂಸಿಯಂ. ಮರದ ಕಟ್ಟಡ, ಚಿಕ್ಕ ಚಿಕ್ಕ ಕೋಣೆ, ಪಕ್ಕದಲ್ಲಿ ಚರ್ಚು. ಊರು ಬೆಳೆದು ಬೆಳೆದು ಆ ಮನೆಯನ್ನು ನಡುವೆ ಹಾಕಿಕೊಂಡಿದೆ. ರೈಲ್ವೆ ಸ್ಟೇಷನ್‌ನಿಂದ ನಡೆದೇ ಹೋಗಬಹುದು.